ಟರ್ಬೊ ಹಾಗೂ ಸೂಪರ್‌ಚಾರ್ಜರ್ ಇರುವ ಎಂಜಿನ್‌ಗಳಿಗೆ ಸಿಲಿಂಡರ್ ಹೆಡ್ ಮತ್ತು ಕ್ಯಾಮ್‌ಶಾಫ್ಟ್ ಆಯ್ಕೆ: ವಾಹನ ಮಾಲೀಕರಿಗೆ ಮಾಹಿತಿ

ಎಂಜಿನ್ ಬದಲಾವಣೆಯ ನಮೂದಿಗಾಗಿ ಅಥವಾ ಅರ್ಹತಾ ಪತ್ರದ ನವೀಕರಣಕ್ಕಾಗಿ ಅರ್ಜಿ ಸಲ್ಲಿಸಲಿರುವ ಮಾಲೀಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಎಂಜಿನ್ ಅತಿಯಾಗಿ ಬಿಸಿಯಾಗಿ ಹೆಡ್ ಬಿರುಕು ಬಿಟ್ಟಾಗ, ಅದೇ ಕುಟುಂಬಕ್ಕೆ ಸೇರಿದ ಟರ್ಬೊರಹಿತ ಎಂಜಿನ್ನಿನ ಹೆಡ್ಡನ್ನು ಕಡಿಮೆ ಬೆಲೆಗೆ ಕೂರಿಸುವ ಸಲಹೆ ಮಾಲೀಕರಿಗೆ ದೊರೆಯುವುದುಂಟು. ಬೋಲ್ಟಿನ ರಂಧ್ರಗಳು ಹೊಂದಿಕೊಂಡ ಮಾತ್ರಕ್ಕೆ ಹೆಡ್ ಹೊಂದಿಕೊಂಡಂತಾಗುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು.

ಗಾಳಿಯ ಒತ್ತಡ ಮತ್ತು ಹೆಡ್ಡಿನ ಮಾರ್ಗ

ಟರ್ಬೊಚಾರ್ಜರ್ ಹೊಗೆಯ ರಭಸದಿಂದಲೂ, ಸೂಪರ್‌ಚಾರ್ಜರ್ ಕ್ರ್ಯಾಂಕ್‌ಶಾಫ್ಟಿನಿಂದ ಬೆಲ್ಟ್ ಅಥವಾ ಗಿಯರ್ ಮೂಲಕವೂ ತಿರುಗಿ ಗಾಳಿಯನ್ನು ಒತ್ತಿ ಸಿಲಿಂಡರಿಗೆ ಕಳುಹಿಸುತ್ತವೆ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 1.01 ಬಾರ್ ಇದ್ದರೆ, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಸುಮಾರು 0.9 ಬಾರ್ ಮಾತ್ರ. ಒತ್ತಡಮಾಪಕವು ತೋರಿಸುವ 0.7 ಬಾರ್ ಇದರ ಮೇಲಿನ ಹೆಚ್ಚುವರಿ ಒತ್ತಡವಾಗಿರುತ್ತದೆ.

ಟರ್ಬೊ ಇದ್ದಲ್ಲಿ ಗಾಳಿಯು ಹೇಗಾದರೂ ಒಳನುಗ್ಗುವುದರಿಂದ ಹೆಡ್ ಯಾವುದಾದರೂ ಆಗಬಹುದೆಂಬ ವಾದ ಸರಿಯಲ್ಲ. ಮಾಪಕವು ತೋರಿಸುವುದು ಕವಾಟದ ಮುಂದೆ ಕೂಡಿಕೊಂಡ ಒತ್ತಡವನ್ನೇ ಹೊರತು ಒಳಸೇರಿದ ಗಾಳಿಯ ಪ್ರಮಾಣವನ್ನಲ್ಲ. ಮಾರ್ಗ ಕಿರಿದಾಗಿದ್ದರೆ ಅಷ್ಟೇ ಗಾಳಿಗೆ ಹೆಚ್ಚಿನ ಒತ್ತಡ ಬೇಕಾಗಿ, ಗಾಳಿಯು ಹೆಚ್ಚು ಕಾಯುತ್ತದೆ. ಮಾರ್ಗವನ್ನು ಮಿತಿಮೀರಿ ಅಗಲಗೊಳಿಸಿದರೂ ಟರ್ಬೊ ಇನ್ನೂ ವೇಗ ಪಡೆಯದ ಕಡಿಮೆ ಸುತ್ತುಗಳಲ್ಲಿ ವಾಹನದ ಎಳೆತ ಕುಗ್ಗುತ್ತದೆ.

ಸಂಕೋಚನ ಅನುಪಾತ

ಪೆಟ್ರೋಲ್ ಎಂಜಿನ್ನಿನಲ್ಲಿ ಅತಿ ಮುಖ್ಯವಾದ ಅಂಶ ಇದು. ಒಳಬರುವ ಗಾಳಿಯೇ ಒತ್ತಲ್ಪಟ್ಟಿರುವುದರಿಂದ ಸಿಲಿಂಡರಿನೊಳಗೆ ಅದನ್ನು ಮತ್ತೆ ಹೆಚ್ಚು ಒತ್ತಿದರೆ ಇಂಧನವು ಅಕಾಲಿಕವಾಗಿ ಸಿಡಿದು (ನಾಕಿಂಗ್) ಪಿಸ್ಟನ್ ಹಾಗೂ ಗ್ಯಾಸ್ಕೆಟ್ ಹಾಳಾಗುತ್ತವೆ. ಟೊಯೋಟಾ ಸಂಸ್ಥೆಯ 2ಜೆಝಡ್ ಕುಟುಂಬವು ಇದಕ್ಕೆ ಒಳ್ಳೆಯ ನಿದರ್ಶನ. ಟರ್ಬೊರಹಿತ ಜಿಇ ಎಂಜಿನ್ನಿನ ಆರಂಭದ ಮಾದರಿಯಲ್ಲಿ ಅನುಪಾತ 10:1 ಇದ್ದರೆ, ಟರ್ಬೊ ಸಹಿತವಾದ ಜಿಟಿಇ ಎಂಜಿನ್ನಿನಲ್ಲಿ ಅದು 8.5:1 ಆಗಿತ್ತು.

ಹೆಡ್ ಸೊಟ್ಟಗಾದಾಗ ಅದರ ಮೇಲ್ಮೈಯನ್ನು ಯಂತ್ರದಲ್ಲಿ ಹೆರೆಸುವುದು ರೂಢಿಯಲ್ಲಿದೆ. ಇದರ ಪರಿಣಾಮವನ್ನು ಲೆಕ್ಕ ಹಾಕಿಯೇ ಮುಂದುವರಿಯಬೇಕು. ಉದಾಹರಣೆಗೆ, 76 ಮಿ.ಮೀ. ವ್ಯಾಸ ಮತ್ತು 80 ಮಿ.ಮೀ. ಚಲನೆಯುಳ್ಳ ಒಂದು ಸಿಲಿಂಡರಿನ ಗಾತ್ರ ಸುಮಾರು 363 ಘನ ಸೆಂ.ಮೀ. ಪಿಸ್ಟನ್ ಮೇಲ್ತುದಿಯಲ್ಲಿರುವಾಗ ಉಳಿಯುವ ಅವಕಾಶ 45.4 ಘನ ಸೆಂ.ಮೀ. ಆಗಿದ್ದಲ್ಲಿ ಅನುಪಾತ 9:1 ಆಗುತ್ತದೆ. ದಹನಕೋಷ್ಠದ ಬಾಯಿ ಸಿಲಿಂಡರಿನಷ್ಟೇ ಅಗಲವಿದ್ದು ಕೇವಲ ಅರ್ಧ ಮಿ.ಮೀ. ಹೆರೆಸಿದರೂ ಅನುಪಾತ 9.4:1ಕ್ಕೆ ಏರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕವಾಟವು ಪಿಸ್ಟನ್ನಿಗೆ ತಗಲುವ ಅಪಾಯವೂ ಇದ್ದು, ಹೆರೆಸುವುದನ್ನೇ ನಿಷೇಧಿಸಿರುವ ತಯಾರಕರೂ ಇದ್ದಾರೆ. ಸೇವಾ ಕೈಪಿಡಿಯಲ್ಲಿ ನೀಡಿರುವ ಕನಿಷ್ಠ ದಪ್ಪವೇ ಅಂತಿಮ.

ಕವಾಟಗಳು ಮತ್ತು ಸ್ಪ್ರಿಂಗುಗಳು

ಟರ್ಬೊ ಎಂಜಿನ್ನಿನ ಹೊಗೆ ಕವಾಟವು ಹೆಚ್ಚಿನ ಶಾಖವನ್ನು ತಾಳಬೇಕಾದುದರಿಂದ ನಿಕ್ಕಲ್ ಮಿಶ್ರಲೋಹದ ಅಥವಾ ಕಾಂಡದಲ್ಲಿ ಸೋಡಿಯಂ ತುಂಬಿದ ಕವಾಟಗಳನ್ನು ಬಳಸಲಾಗುತ್ತದೆ. ಟರ್ಬೊರಹಿತ ಎಂಜಿನ್ನಿನ ಹೆಡ್ಡಿನಲ್ಲಿ ಇವು ಸಾಮಾನ್ಯ ಉಕ್ಕಿನವಾಗಿರಬಹುದು. ಹೊರನೋಟಕ್ಕೆ ವ್ಯತ್ಯಾಸ ತಿಳಿಯದು. ಹಳೆಯ ಹೆಡ್ಡನ್ನು ಖರೀದಿಸುವ ಮೊದಲು ಕವಾಟಗಳ ನಡುವಿನ ಭಾಗದಲ್ಲಿ ಬಿರುಕಿದೆಯೇ ಎಂದು ಒತ್ತಡ ಪರೀಕ್ಷೆ ಮಾಡಿಸುವುದು ಸೂಕ್ತ.

ಒಳಗಾಳಿಯ ಒತ್ತಡವು ಮುಚ್ಚಿರುವ ಕವಾಟವನ್ನು ಹಿಂದಿನಿಂದ ತಳ್ಳುತ್ತಿರುತ್ತದೆ. 38 ಮಿ.ಮೀ. ವ್ಯಾಸದ ಕವಾಟದ ಮೇಲೆ 0.7 ಬಾರ್ ಒತ್ತಡವು ಸುಮಾರು 8 ಕೆ.ಜಿ. ಭಾರಕ್ಕೆ ಸಮ. ಸ್ಪ್ರಿಂಗ್ ಅಷ್ಟರಮಟ್ಟಿಗೆ ಬಿಗಿಯಾಗಿರಬೇಕು. ಅದಕ್ಕಿಂತ ಬಹಳ ಬಿಗಿಯಾದಲ್ಲಿ ಕ್ಯಾಮ್ ಮತ್ತು ಟ್ಯಾಪೆಟ್ ಬೇಗ ಸವೆಯುತ್ತವೆ.

ಕ್ಯಾಮ್‌ಶಾಫ್ಟ್

ಗಾಳಿ ಕವಾಟ ಮತ್ತು ಹೊಗೆ ಕವಾಟ ಎರಡೂ ಏಕಕಾಲಕ್ಕೆ ತೆರೆದಿರುವ ಅವಧಿಯೇ ಆಯ್ಕೆಯನ್ನು ನಿರ್ಧರಿಸುತ್ತದೆ. ಟರ್ಬೈನಿನ ಅಡ್ಡಿಯಿಂದ ಹೊಗೆಯ ಒತ್ತಡವು ಒಳಗಾಳಿಯ ಒತ್ತಡವನ್ನು ಮೀರಿದಾಗ, ಈ ಅವಧಿಯಲ್ಲಿ ಹೊಗೆಯು ಹಿಂದಿರುಗಿ ಸಿಲಿಂಡರನ್ನು ಸೇರುತ್ತದೆ. ಆದ್ದರಿಂದ ಟರ್ಬೊ ಎಂಜಿನ್ನಿಗೆ ಈ ಅವಧಿ ಕಿರಿದಾಗಿರಬೇಕು. ಎರಡು ಕ್ಯಾಮ್ ಉಬ್ಬುಗಳ ನಡುವಿನ ಕೋನ ಸಾಮಾನ್ಯವಾಗಿ 112ರಿಂದ 116 ಡಿಗ್ರಿ ಇರುತ್ತದೆ. ಸೂಪರ್‌ಚಾರ್ಜರಿನಲ್ಲಿ ಟರ್ಬೈನಿನ ಅಡ್ಡಿ ಇರುವುದಿಲ್ಲ. ಆದರೆ ಅಲ್ಲಿ ಹೊಸ ಗಾಳಿಯು ಇಂಧನದೊಡನೆ ನೇರವಾಗಿ ಹೊಗೆಕೊಳವೆಗೆ ಹೋಗಿ ನಷ್ಟವೂ ಮಾಲಿನ್ಯವೂ ಉಂಟಾಗುವುದರಿಂದ, ಉಬ್ಬುಗಳ ಅಂತರ ಅಗಲವಾಗಿದ್ದು ಹೊಗೆ ಕವಾಟ ತುಸು ದೀರ್ಘಕಾಲ ತೆರೆದಿರುವ ಕ್ಯಾಮ್ ಹಿತಕರ. ಸ್ಪರ್ಧೆಗಾಗಿ ರೂಪಿಸಿದ ಟರ್ಬೊರಹಿತ ಎಂಜಿನ್ನಿನ ಕ್ಯಾಮ್ ಈ ಎರಡಕ್ಕೂ ಸಲ್ಲದು. ರಸ್ತೆಯಲ್ಲಿ ದುಡಿಯುವ ವಾಹನಕ್ಕೆ ತಯಾರಕರ ಮೂಲ ಕ್ಯಾಮ್ ಬಹುಮಟ್ಟಿಗೆ ಸಾಕಾಗುತ್ತದೆ. ಹಣ ಖರ್ಚು ಮಾಡುವುದಾದರೆ ಉತ್ತಮ ಗ್ಯಾಸ್ಕೆಟ್ ಮತ್ತು ಹೊಸ ಹೆಡ್ ಬೋಲ್ಟುಗಳಿಗೆ ಮಾಡುವುದು ಮೇಲು.

ಕಾನೂನಿನ ಉಪಬಂಧಗಳು

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವಿಧದ ಹೆಡ್ ಅಥವಾ ಕ್ಯಾಮ್‌ಶಾಫ್ಟನ್ನು ಮರುಜೋಡಿಸುವುದು ದುರಸ್ತಿಯ ಸ್ವರೂಪದ್ದು. ಟರ್ಬೊರಹಿತ ವಾಹನಕ್ಕೆ ಟರ್ಬೊ ಅಳವಡಿಸುವುದು ಹಾಗಲ್ಲ. ಎಂಜಿನ್ ಸಂಖ್ಯೆಯು ಸಾಮಾನ್ಯವಾಗಿ ಬ್ಲಾಕಿನ ಮೇಲಿರುವುದರಿಂದ, ಬ್ಲಾಕ್ ಸಮೇತ ಎಂಜಿನ್ ಬದಲಾಯಿಸುವವರು ಅನುಮೋದನೆ ಪಡೆದು, ಬದಲಾವಣೆಯಾದ 14 ದಿನಗಳೊಳಗೆ ನೋಂದಣಿ ಪತ್ರ ಮತ್ತು ನಿಗದಿತ ಶುಲ್ಕದೊಂದಿಗೆ ತಾವು ವಾಸಿಸುವ ವ್ಯಾಪ್ತಿಯ ನೋಂದಣಿ ಪ್ರಾಧಿಕಾರಕ್ಕೆ ವರದಿ ಸಲ್ಲಿಸತಕ್ಕದ್ದು. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ, 2019ರಲ್ಲಿ ತಿದ್ದುಪಡಿಯಾದ ಪ್ರಕರಣ 182ಎ ಅನ್ವಯ, ಆರು ತಿಂಗಳವರೆಗಿನ ಕಾರಾವಾಸ ಅಥವಾ 5,000 ರೂ. ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಸರಿಹೊಂದದ ಹೆಡ್ ಅಥವಾ ಕ್ಯಾಮ್ ಹೊಗೆ ತಪಾಸಣೆಯಲ್ಲಿಯೇ ಹೊರಬೀಳುವ ಸಂಭವವಿದೆ. ಡೀಸೆಲ್ ವಾಹನಗಳಿಗೆ ಹೊಗೆಯ ಸಾಂದ್ರತೆಯ ಮಿತಿ ಭಾರತ್ ಸ್ಟೇಜ್-4ರಲ್ಲಿ 50, ಅದಕ್ಕೂ ಹಿಂದಿನವುಗಳಲ್ಲಿ 65 ಹಾರ್ಟ್ರಿಡ್ಜ್ ಮಾನ. ಮಾಲೀಕರು ಬಿಡಿಭಾಗದ ಸಂಖ್ಯೆ ನಮೂದಾಗಿರುವ ಖರೀದಿ ರಸೀದಿಯನ್ನೂ, ಹೆಡ್ ಹೆರೆಸಿದ್ದಲ್ಲಿ ಉಳಿದ ದಪ್ಪವನ್ನು ಬರೆದಿರುವ ವರ್ಕ್‌ಶಾಪಿನ ಬಿಲ್ಲನ್ನೂ ವಾಹನದ ದಾಖಲೆಗಳೊಡನೆ ಇಟ್ಟುಕೊಳ್ಳುವುದು.