ಗಣಕ ಜಾಲದ ಭೌತಿಕ ಭದ್ರತೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಜನನ-ಮರಣ ನೋಂದಣಿ ಮುಂತಾದ ಸೇವೆಗಳನ್ನು ಗಣಕ ಜಾಲದ ಮೂಲಕ ಒದಗಿಸಲಾಗುತ್ತಿದೆ. 2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆಯಡಿ ಕೈಬರಹದ ಪಹಣಿಗಳ ಬದಲಿಗೆ ಗಣಕೀಕೃತ ಪಹಣಿಗಳು ಜಾರಿಗೆ ಬಂದ ನಂತರ, ಕರ್ನಾಟಕದ ರೈತರ ಭೂದಾಖಲೆಗಳು ಕಡತಗಳಿಂದ ಯಂತ್ರಗಳಿಗೆ ವರ್ಗಾವಣೆಗೊಂಡವು. ಕಡತವಿರುವ ಕಪಾಟಿಗೆ ಬೀಗ ಎಷ್ಟು ಅಗತ್ಯವೋ, ದಾಖಲೆಯಿರುವ ಯಂತ್ರಕ್ಕೂ ರಕ್ಷಣೆ ಅಷ್ಟೇ ಅಗತ್ಯ. ಗುಪ್ತಪದವು ಎಷ್ಟೇ ಬಿಗಿಯಾಗಿದ್ದರೂ, ಯಂತ್ರವೇ ಕಳವಾದರೆ ಅಥವಾ ಸುಟ್ಟುಹೋದರೆ ಅದರಿಂದ ಪ್ರಯೋಜನವಿಲ್ಲ.

ಭೌತಿಕ ಭದ್ರತೆ ಎಂದರೇನು?

ಸರ್ವರ್, ರೂಟರ್, ಸ್ವಿಚ್, ಕೇಬಲ್ ಹಾಗೂ ವಿದ್ಯುತ್ ಸಾಧನಗಳನ್ನು ಅನಧಿಕೃತ ಪ್ರವೇಶ, ಕಳವು, ಬೆಂಕಿ, ನೀರು, ಧೂಳು ಮತ್ತು ಅತಿಯಾದ ಉಷ್ಣತೆಯಿಂದ ಕಾಪಾಡುವುದನ್ನು ಭೌತಿಕ ಭದ್ರತೆ ಎನ್ನಲಾಗುತ್ತದೆ. ಮಾಹಿತಿ ಭದ್ರತೆಗೆ ಸಂಬಂಧಿಸಿದ ಐಎಸ್‌ಒ 27001 ಅಂತರರಾಷ್ಟ್ರೀಯ ಮಾನದಂಡದ 2022ರ ಆವೃತ್ತಿಯಲ್ಲಿ ಸೂಚಿಸಿರುವ 93 ನಿಯಂತ್ರಣ ಕ್ರಮಗಳ ಪೈಕಿ 14 ಭೌತಿಕ ಭದ್ರತೆಗೆ ಸೇರಿವೆ.

ಅನುಸರಿಸಬೇಕಾದ ಮುಖ್ಯ ಕ್ರಮಗಳು

1. ಸಾಧನಗಳ ಕೊಠಡಿಗೆ ಅಧಿಕೃತ ಸಿಬ್ಬಂದಿಗೆ ಮಾತ್ರ ಪ್ರವೇಶ ನೀಡುವುದು. ದುರಸ್ತಿಗಾಗಿ ಬರುವವರ ಹೆಸರು, ಸಮಯ ಮತ್ತು ಉದ್ದೇಶವನ್ನು ವಹಿಯಲ್ಲಿ ದಾಖಲಿಸುವುದು.
2. ಸಾಧನಗಳನ್ನು ಬೀಗವುಳ್ಳ ರ‍್ಯಾಕ್‌ನಲ್ಲಿ ಇರಿಸುವುದು. ಬಳಕೆಯಲ್ಲಿಲ್ಲದ ಜಾಲ ಸಂಪರ್ಕ ಬಿಂದುಗಳನ್ನು ನಿಷ್ಕ್ರಿಯಗೊಳಿಸುವುದು.
3. ಯುಪಿಎಸ್ ಮತ್ತು ಜನರೇಟರ್ ಮೂಲಕ ನಿರಂತರ ವಿದ್ಯುತ್ ಒದಗಿಸುವುದು; ಬ್ಯಾಟರಿಗಳನ್ನು ಸರ್ವರ್‌ಗಳಿಂದ ಪ್ರತ್ಯೇಕವಾಗಿಡುವುದು.
4. ಹೊಗೆ ಪತ್ತೆ ಸಾಧನ ಹಾಗೂ ವಿದ್ಯುತ್ ಉಪಕರಣಗಳಿಗೆ ಸೂಕ್ತವಾದ ಅಗ್ನಿಶಾಮಕ ವ್ಯವಸ್ಥೆಯನ್ನು ಅಳವಡಿಸುವುದು.
5. ದತ್ತಾಂಶದ ಪ್ರತಿಯನ್ನು ದೂರದ ಬೇರೊಂದು ಸ್ಥಳದಲ್ಲಿ ಕಡ್ಡಾಯವಾಗಿ ಇರಿಸುವುದು.

ದಕ್ಷಿಣ ಕೊರಿಯಾದ ಅನುಭವ

ಐದನೆಯ ಕ್ರಮದ ಮಹತ್ವವು 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಸಂಭವಿಸಿದ ಅವಘಡದಿಂದ ಸ್ಪಷ್ಟವಾಗುತ್ತದೆ. ಅಲ್ಲಿನ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಯುಪಿಎಸ್‌ನ ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸ ನಡೆಯುತ್ತಿದ್ದಾಗ ಬೆಂಕಿ ಕಾಣಿಸಿಕೊಂಡಿತು. ಆರುನೂರಕ್ಕೂ ಹೆಚ್ಚು ಸರ್ಕಾರಿ ಗಣಕ ವ್ಯವಸ್ಥೆಗಳು ಸ್ಥಗಿತಗೊಂಡು, ಅಂಚೆ ಮತ್ತು ಗುರುತಿನ ಸೇವೆಗಳೂ ಸೇರಿದಂತೆ ನಾಗರಿಕರ ಅನೇಕ ಸೇವೆಗಳಿಗೆ ಅಡಚಣೆಯಾಯಿತು. ಸರ್ಕಾರಿ ನೌಕರರು ಕಡತಗಳನ್ನು ಇರಿಸುತ್ತಿದ್ದ ‘ಜಿ-ಡ್ರೈವ್’ ಸಂಗ್ರಹಕ್ಕೆ ಹೊರಗೆ ಪ್ರತಿ ಇರಲಿಲ್ಲವಾದ್ದರಿಂದ, ಸುಮಾರು 858 ಟೆರಾಬೈಟ್ ದತ್ತಾಂಶ ನಾಶವಾಯಿತು. ಬಾಹ್ಯ ದಾಳಿಕೋರರಿಲ್ಲದೆಯೂ ದಾಖಲೆಗಳು ಇಲ್ಲವಾಗಬಹುದೆಂಬುದಕ್ಕೆ ಇದು ನಿದರ್ಶನ.

ಕಾನೂನಿನ ರಕ್ಷಣೆ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 43ನೆಯ ಪ್ರಕರಣದಂತೆ, ಅನುಮತಿಯಿಲ್ಲದೆ ಗಣಕ ಜಾಲವನ್ನು ಪ್ರವೇಶಿಸುವವರು ಅಥವಾ ಅದಕ್ಕೆ ಹಾನಿಯುಂಟುಮಾಡುವವರು ಪರಿಹಾರ ನೀಡಲು ಬಾಧ್ಯರು. ಇದೇ ಕೃತ್ಯವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಎಸಗಿದಲ್ಲಿ, 66ನೆಯ ಪ್ರಕರಣದಂತೆ 3 ವರ್ಷಗಳವರೆಗೆ ಕಾರಾವಾಸ ಅಥವಾ 5 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ.

ಸಾರ್ವಜನಿಕರ ಗಮನಕ್ಕೆ

• ಅರ್ಜಿ ಸಲ್ಲಿಸಿದ ಕೂಡಲೇ ಸ್ವೀಕೃತಿ ಪತ್ರವನ್ನು ಪಡೆದು, ಅರ್ಜಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು. ಜಾಲ ಸ್ಥಗಿತಗೊಂಡಾಗ ಅರ್ಜಿ ಸಲ್ಲಿಸಿದ್ದಕ್ಕೆ ಅದೇ ಪುರಾವೆ.
• ಮೂಲ ದಾಖಲೆಗಳನ್ನು ಹಾಗೂ ವಿತರಿಸಲಾದ ಪ್ರಮಾಣಪತ್ರಗಳ ಪ್ರತಿಯನ್ನು ಸುರಕ್ಷಿತವಾಗಿ ಇರಿಸಿಕೊಳ್ಳುವುದು.
• ಕಚೇರಿಯ ಸಾಧನಗಳ ಕೊಠಡಿಯನ್ನು ಪ್ರವೇಶಿಸದಿರುವುದು. ಅಲ್ಲಿನ ಪ್ಲಗ್ ಅಥವಾ ಕೇಬಲ್‌ಗಳನ್ನು ಮುಟ್ಟದಿರುವುದು.
• ಸಾಧನಗಳ ಪೆಟ್ಟಿಗೆ ತೆರೆದಿರುವುದು ಅಥವಾ ಕೇಬಲ್ ತುಂಡಾಗಿರುವುದು ಕಂಡುಬಂದಲ್ಲಿ ಕಚೇರಿಯ ಮುಖ್ಯಸ್ಥರ ಗಮನಕ್ಕೆ ತರುವುದು.
• ರಸ್ತೆ ಅಗೆಯುವ ಸಂಸ್ಥೆಗಳು ಮತ್ತು ಗುತ್ತಿಗೆದಾರರು ಕೆಲಸ ಆರಂಭಿಸುವ ಮುನ್ನ, 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು ಬಿಡುಗಡೆ ಮಾಡಿದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಮೂಲಕ ಕೇಬಲ್‌ಗಳ ಮಾಲೀಕ ಸಂಸ್ಥೆಗಳಿಗೆ ತಿಳಿಸುವುದು. ಒಂದು ಗುದ್ದಲಿಯ ಏಟಿನಿಂದ ಇಡೀ ತಾಲ್ಲೂಕಿನ ಸೇವೆ ನಿಲ್ಲುವ ಸಂಭವವಿರುತ್ತದೆ.