ಉಂಡ ಮನೆಗೆ ಎದುರಾಳಿ

2000ದ ಅಕ್ಟೋಬರ್ 21ರ ರಾತ್ರಿ ಬಾರ್ಸಿಲೋನಾದ ಕ್ಯಾಂಪ್ ನೌ ಕ್ರೀಡಾಂಗಣದಲ್ಲಿ ಸೇರಿದ್ದ ಬಹಳಷ್ಟು ಜನರಿಗೆ ಆಟ ನೋಡುವುದಕ್ಕಿಂತ ಮುಖ್ಯವಾದ ಕೆಲಸವೊಂದಿತ್ತು. ಅದು ಒಬ್ಬ ಮನುಷ್ಯನನ್ನು ಬಯ್ಯುವುದು. ಮೂರು ತಿಂಗಳ ಹಿಂದಿನವರೆಗೂ ಅವರ ಕಣ್ಮಣಿಯಾಗಿದ್ದ ಪೋರ್ಚುಗಲ್‌ನ ಲೂಯಿಸ್ ಫಿಗೊ, ಅಂದು ರಿಯಲ್ ಮ್ಯಾಡ್ರಿಡ್‌ನ ಬಿಳಿ ಅಂಗಿ ತೊಟ್ಟು ಅದೇ ಮೈದಾನಕ್ಕೆ ಇಳಿದರು. ಅವರ ಮುಖ ಅಚ್ಚು ಹಾಕಿದ ಖೋಟಾ ನೋಟುಗಳನ್ನು ಜನ ಎತ್ತಿ ಹಿಡಿದರು. ಚೆಂಡು ಅವರ ಕಾಲಿಗೆ ತಾಗಿದಾಗಲೆಲ್ಲ ಕಿವಿಗಡಚಿಕ್ಕುವ ಸಿಳ್ಳೆ. ಮೈದಾನದ ಅಂಚಿಗೆ ಬಂದರೆ ನಾಣ್ಯ, ಲೈಟರ್, ಬಾಟಲಿಗಳ ಮಳೆ. ತಂಡಕ್ಕೆ ಸಾಮಾನ್ಯವಾಗಿ ಕಾರ್ನರ್ ಕಿಕ್ ಒದೆಯುತ್ತಿದ್ದವರು ಅವರೇ. ಆ ರಾತ್ರಿ ಆ ಕೆಲಸವನ್ನು ಬೇರೆಯವರಿಗೆ ಬಿಟ್ಟರು. ಕಾರ್ನರ್‌ಗೆ ಹೋಗುವುದೆಂದರೆ ಗ್ಯಾಲರಿಯ ಕೈಗೆಟುಕುವಷ್ಟು ಹತ್ತಿರ ಹೋಗುವುದು.

ಪಂದ್ಯವನ್ನು ಬಾರ್ಸಿಲೋನಾ 2–0ರಿಂದ ಗೆದ್ದಿತು. ಮೊದಲ ಗೋಲು ಹೊಡೆದವರು ಲೂಯಿಸ್ ಎನ್ರಿಕೆ. ಇಡೀ ಕ್ರೀಡಾಂಗಣ ಎದ್ದು ನಿಂತು ಅವರ ಹೆಸರು ಕೂಗಿತು. ಇದೇ ಲೂಯಿಸ್ ಎನ್ರಿಕೆ 1991ರಿಂದ 1996ರವರೆಗೆ ಐದು ವರ್ಷ ರಿಯಲ್ ಮ್ಯಾಡ್ರಿಡ್ ಪರ ಆಡಿದವರು, ಅಲ್ಲಿಂದ ನೇರವಾಗಿ ಬಾರ್ಸಿಲೋನಾಕ್ಕೆ ಬಂದವರು. ಅಂದರೆ ಆ ರಾತ್ರಿ ಮೈದಾನದಲ್ಲಿ ಗಡಿ ದಾಟಿದವರು ಇಬ್ಬರಿದ್ದರು. ಒಬ್ಬರಿಗೆ ಜೈಕಾರ, ಇನ್ನೊಬ್ಬರಿಗೆ ಧಿಕ್ಕಾರ. ನಮ್ಮ ಕಡೆಗೆ ಬಂದರೆ ಪಕ್ಷಾಂತರವಲ್ಲ, ನಮ್ಮನ್ನು ಬಿಟ್ಟು ಹೋದರೆ ಮಾತ್ರ ದ್ರೋಹ. ರಾಜಕೀಯ ಬಲ್ಲವರಿಗೆ ಇದು ಹೊಸದಲ್ಲ. ಆದರೆ ಫಿಗೊ ಮೇಲಿನ ಸಿಟ್ಟಿಗೆ ಇಷ್ಟೇ ವಿವರಣೆ ಸಾಲದು. ಏಕೆಂದರೆ ಬಾರ್ಸಿಲೋನಾ ಬಿಟ್ಟು ಮ್ಯಾಡ್ರಿಡ್‌ಗೆ ಹೋದವರಲ್ಲಿ ಅವರೇ ಮೊದಲಿಗರಲ್ಲ.

1988ರಲ್ಲಿ ಜರ್ಮನಿಯ ಬರ್ನ್ಡ್ ಶೂಸ್ಟರ್ ಹೋಗಿದ್ದರು. 1994ರಲ್ಲಿ ಡೆನ್ಮಾರ್ಕ್‌ನ ಮೈಕಲ್ ಲೌಡ್ರಪ್ ಹೋದರು. ಲೌಡ್ರಪ್ ಅವರ ಕಥೆಯಂತೂ ಫುಟ್‌ಬಾಲ್ ಪ್ರಿಯರಿಗೆ ಬಾಯಿಪಾಠ: 1994ರ ಜನವರಿಯಲ್ಲಿ ಬಾರ್ಸಿಲೋನಾ ಮ್ಯಾಡ್ರಿಡ್‌ ಅನ್ನು 5–0ರಿಂದ ಬಡಿದಾಗ ಅವರು ಬಾರ್ಸಿಲೋನಾದಲ್ಲಿದ್ದರು; ಸರಿಯಾಗಿ ಒಂದು ವರ್ಷಕ್ಕೆ ಮ್ಯಾಡ್ರಿಡ್ ಅದೇ 5–0ರಿಂದ ಸೇಡು ತೀರಿಸಿಕೊಂಡಾಗ ಮ್ಯಾಡ್ರಿಡ್‌ನಲ್ಲಿದ್ದರು. ಜನ ಅವರಿಗೂ ಸಿಳ್ಳೆ ಹಾಕಿದರು. ಆದರೆ ಅವರು ಕೋಚ್ ಯೊಹಾನ್ ಕ್ರೈಫ್ ಜೊತೆ ಮನಸ್ತಾಪವಾಗಿ ಹೊರಟವರು. 1994ರ ಯುರೋಪಿಯನ್ ಫೈನಲ್‌ನಲ್ಲಿ ಕ್ರೈಫ್ ಅವರನ್ನು ಆಡಿಸಿಯೇ ಇರಲಿಲ್ಲ. ಮನೆಯಲ್ಲಿ ಜಾಗ ಸಿಗದವನು ಹೊರಟರೆ ನೋವಾಗುತ್ತದೆ, ಅರ್ಥವೂ ಆಗುತ್ತದೆ.

ಫಿಗೊ ವಿಷಯದಲ್ಲಿ ಅಂಥ ಯಾವ ಕಾರಣವೂ ಜನರಿಗೆ ಕಾಣಲಿಲ್ಲ. 1995ರಲ್ಲಿ ಲಿಸ್ಬನ್‌ನ ಸ್ಪೋರ್ಟಿಂಗ್ ಕ್ಲಬ್‌ನಿಂದ ಬಂದ ಅವರು ಐದು ವರ್ಷಗಳಲ್ಲಿ ಎರಡು ಲೀಗ್ ಪ್ರಶಸ್ತಿಗಳಲ್ಲಿ ಪಾಲು ಪಡೆದಿದ್ದರು. ಗೆಲುವಿನ ಸಂಭ್ರಮದಲ್ಲಿ ಕೂದಲಿಗೆ ಕ್ಲಬ್ಬಿನ ನೀಲಿ-ಕೆಂಪು ಬಣ್ಣ ಬಳಿದುಕೊಂಡು, ಮ್ಯಾಡ್ರಿಡ್‌ನವರನ್ನು ಅಳುಬುರುಕರೆಂದು ಛೇಡಿಸಿ ಜನರನ್ನು ಕುಣಿಸಿದವರು. 2000ದ ಬೇಸಿಗೆಯ ಯೂರೊ ಟೂರ್ನಿಯಲ್ಲಿ ಪೋರ್ಚುಗಲ್ ಸೆಮಿಫೈನಲ್ ತಲುಪಿದ್ದು ಬಹುಮಟ್ಟಿಗೆ ಅವರ ಆಟದಿಂದ. ಕರಾರು ಇನ್ನೂ ಬಾಕಿಯಿತ್ತು. ಸಂಬಳ ಹೆಚ್ಚಿಸಬೇಕೆಂಬ ಬೇಡಿಕೆಗೆ ಕ್ಲಬ್ ತಕ್ಕ ಉತ್ತರ ಕೊಟ್ಟಿಲ್ಲವೆಂಬ ಅಸಮಾಧಾನ ಅವರಿಗಿತ್ತು. ಅದು ಗ್ಯಾಲರಿಯವರೆಗೆ ಕೇಳಿಸುವ ಸಂಗತಿಯಲ್ಲ.

ಹಾಗಿದ್ದರೂ ಅವರು ಹೋಗಲು ಹೇಗೆ ಸಾಧ್ಯವಾಯಿತು? ಇದಕ್ಕೆ ಸ್ಪೇನ್‌ನ ಕಾನೂನನ್ನು ನೋಡಬೇಕು. 1970ರ ದಶಕದ ಕೊನೆಯವರೆಗೂ ಅಲ್ಲಿನ ಆಟಗಾರನಿಗೆ ಕರಾರು ಮುಗಿದರೂ ಬಿಡುಗಡೆಯಿರಲಿಲ್ಲ. ಸಂಬಳ ಸ್ವಲ್ಪ ಏರಿಸಿ ಅವನನ್ನು ಉಳಿಸಿಕೊಳ್ಳುವ ಹಕ್ಕು ಕ್ಲಬ್ಬಿನದಾಗಿತ್ತು. ಒಂದು ಬಗೆಯ ಜೀತವೇ ಅದು. 1978ರಲ್ಲಿ ಆಟಗಾರರು ಸಂಘ ಕಟ್ಟಿಕೊಂಡರು, 1979ರಲ್ಲಿ ಮುಷ್ಕರ ಹೂಡಿದರು. 1985ರಲ್ಲಿ ಬಂದ ರಾಜಾಜ್ಞೆ ಸಂಖ್ಯೆ 1006 ವೃತ್ತಿಪರ ಆಟಗಾರನನ್ನು ಕೊನೆಗೂ ಒಬ್ಬ ನೌಕರನಂತೆ ನೋಡಿತು: ಪರಿಹಾರ ಕಟ್ಟಿಕೊಟ್ಟು ಕೆಲಸ ಬಿಡುವ ಹಕ್ಕು ಅವನಿಗಿದೆ ಎಂದಿತು. ಆ ಪರಿಹಾರ ಎಷ್ಟೆಂದು ಮೊದಲೇ ಬರೆದಿಡುವ ರೂಢಿ ಇದರಿಂದಲೇ ಬೆಳೆಯಿತು. ಕ್ಲಬ್ಬುಗಳು ಇದನ್ನು ಬೇಲಿಯಂತೆ ಬಳಸತೊಡಗಿದವು. ಯಾರೂ ಕೊಡಲಾರದಷ್ಟು ದೊಡ್ಡ ಮೊತ್ತ ಬರೆದರಾಯಿತು, ಆಟಗಾರ ಎಲ್ಲಿಗೂ ಹೋಗಲಾರ. ಫಿಗೊ ಅವರ ಕರಾರಿನಲ್ಲಿ ಬರೆದಿದ್ದ ಮೊತ್ತ ಒಂದು ಸಾವಿರ ಕೋಟಿ ಪೆಸೆಟಾ, ಅಂದರೆ ಸುಮಾರು 6 ಕೋಟಿ ಯೂರೊ. ಅಲ್ಲಿಯವರೆಗೆ ಜಗತ್ತಿನಲ್ಲಿ ಯಾವ ಆಟಗಾರನಿಗೂ ಯಾರೂ ಅಷ್ಟು ಹಣ ಕೊಟ್ಟಿರಲಿಲ್ಲ. ಬೇಲಿ ಭದ್ರವಾಗಿದೆಯೆಂದು ಬಾರ್ಸಿಲೋನಾ ನಂಬಿತ್ತು.

ಆ ಬೇಲಿ ಮುರಿದದ್ದು ಒಂದು ಚುನಾವಣೆಯಲ್ಲಿ. 1990ರ ಕ್ರೀಡಾ ಕಾನೂನು ಸ್ಪೇನ್‌ನ ವೃತ್ತಿಪರ ಕ್ಲಬ್ಬುಗಳನ್ನೆಲ್ಲ ಷೇರು ಕಂಪನಿಗಳಾಗಿ ಬದಲಾಯಿಸಿದಾಗ ನಾಲ್ಕಕ್ಕೆ ಮಾತ್ರ ವಿನಾಯಿತಿ ಸಿಕ್ಕಿತ್ತು: ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಅಥ್ಲೆಟಿಕ್ ಬಿಲ್ಬಾವೊ, ಒಸಾಸುನಾ. ಇವು ಇಂದಿಗೂ ಸದಸ್ಯರ ಆಸ್ತಿ. ಅಧ್ಯಕ್ಷರನ್ನು ಸದಸ್ಯರೇ ಮತ ಹಾಕಿ ಆರಿಸುತ್ತಾರೆ. 2000ದ ಜುಲೈನಲ್ಲಿ ಮ್ಯಾಡ್ರಿಡ್‌ನ ಅಧ್ಯಕ್ಷ ಲೊರೆಂಜೊ ಸಾನ್ಸ್ ಚುನಾವಣೆಗೆ ನಿಂತಾಗ ಸೋಲುವ ಲಕ್ಷಣವೇ ಇರಲಿಲ್ಲ. ಅವರ ಅವಧಿಯಲ್ಲಿ ತಂಡ ಎರಡು ಬಾರಿ ಚಾಂಪಿಯನ್ಸ್ ಲೀಗ್ ಗೆದ್ದಿತ್ತು, ಎರಡನೆಯದು ಎರಡು ತಿಂಗಳ ಹಿಂದಷ್ಟೇ. ಎದುರಿಗೆ ನಿಂತ ಕಟ್ಟಡ ಉದ್ಯಮಿ ಫ್ಲೊರೆಂಟಿನೊ ಪೆರೆಸ್ 1995ರಲ್ಲಿ ಒಮ್ಮೆ ಸೋತವರು. ಟ್ರೋಫಿಗಳ ಎದುರು ಟ್ರೋಫಿಗಿಂತ ದೊಡ್ಡದೊಂದು ಆಶ್ವಾಸನೆ ಅವರಿಗೆ ಬೇಕಿತ್ತು. ಗೆದ್ದರೆ ಫಿಗೊರನ್ನು ಕರೆತರುತ್ತೇನೆ, ತರದಿದ್ದರೆ ಸದಸ್ಯರೆಲ್ಲರ ವಾರ್ಷಿಕ ಶುಲ್ಕ ನಾನೇ ಕಟ್ಟುತ್ತೇನೆ ಎಂದರು.

ತೆರೆಮರೆಯಲ್ಲಿ ಪೋರ್ಚುಗಲ್‌ನ ಮಾಜಿ ಆಟಗಾರ ಪೌಲೊ ಫುತ್ರೆ ಮಧ್ಯಸ್ಥಿಕೆಯಲ್ಲಿ ಪೆರೆಸ್ ಕಡೆಯವರಿಗೂ ಫಿಗೊ ಏಜೆಂಟರಿಗೂ ಒಪ್ಪಂದವಾಗಿತ್ತು. ಪೆರೆಸ್ ಸೋತರೆ ಎಲ್ಲರೂ ಅವರವರ ದಾರಿ ಹಿಡಿಯಬಹುದು. ಗೆದ್ದ ಮೇಲೆ ಫಿಗೊ ಬರಲೊಲ್ಲೆ ಎಂದರೆ ಭಾರಿ ದಂಡ. ಹೇಗೂ ಗೆಲ್ಲಲಾರದ ಅಭ್ಯರ್ಥಿ ಎಂಬ ಲೆಕ್ಕಾಚಾರದಲ್ಲಿ ಬಿದ್ದ ಸಹಿ ಅದು. ಅಷ್ಟರಲ್ಲಿ ಫಿಗೊ ಬಾರ್ಸಿಲೋನಾದ ಪತ್ರಿಕೆಯೊಂದಕ್ಕೆ ತಾನೆಲ್ಲಿಗೂ ಹೋಗುವುದಿಲ್ಲವೆಂಬ ಭರವಸೆಯನ್ನೂ ಕೊಟ್ಟಿದ್ದರು. ಜುಲೈ 16ರಂದು ಪೆರೆಸ್ ಗೆದ್ದರು.

ಅದೇ ಹೊತ್ತಿಗೆ ಬಾರ್ಸಿಲೋನಾದಲ್ಲಿ ಹೇಳುವವರು ಕೇಳುವವರು ಇರಲಿಲ್ಲ. 22 ವರ್ಷ ಅಧ್ಯಕ್ಷರಾಗಿದ್ದ ಜೋಸೆಪ್ ಲೂಯಿಸ್ ನ್ಯೂನ್ಯೆಸ್ ರಾಜೀನಾಮೆ ಕೊಟ್ಟಿದ್ದರು. ಅಲ್ಲೂ ಚುನಾವಣೆ. ಜುಲೈ 23ರಂದು ಜೊವಾನ್ ಗ್ಯಾಸ್ಪಾರ್ಟ್ ಆಯ್ಕೆಯಾದರು. ಮರುದಿನವೇ, ಜುಲೈ 24ರಂದು, ಫಿಗೊ ಮ್ಯಾಡ್ರಿಡ್‌ನಲ್ಲಿ ಬಿಳಿ ಅಂಗಿ ಹಿಡಿದು ಕ್ಯಾಮೆರಾಗಳ ಮುಂದೆ ನಿಂತಿದ್ದರು. ಪಕ್ಕದಲ್ಲಿ ಆಲ್ಫ್ರೆಡೊ ಡಿ ಸ್ಟೆಫಾನೊ. ಬಾರ್ಸಿಲೋನಾದ ಹಿರಿಯರಿಗೆ ಇದಕ್ಕಿಂತ ದೊಡ್ಡ ಅಣಕ ಬೇಕಿರಲಿಲ್ಲ.

ಏಕೆಂದರೆ 1953ರಲ್ಲಿ ಅರ್ಜೆಂಟೀನಾದ ಡಿ ಸ್ಟೆಫಾನೊ ಸ್ಪೇನ್‌ಗೆ ಬಂದದ್ದು ಬಾರ್ಸಿಲೋನಾದಲ್ಲಿ ಆಡಲೆಂದು. ಬಾರ್ಸಿಲೋನಾ ರಿವರ್ ಪ್ಲೇಟ್ ಕ್ಲಬ್ ಜೊತೆ ಮಾತಾಡಿಕೊಂಡಿತ್ತು. ಮ್ಯಾಡ್ರಿಡ್ ಕೊಲಂಬಿಯಾದ ಮಿಯೊನಾರಿಯೊಸ್ ಜೊತೆ. ಇಬ್ಬರೂ ಸರದಿ ಪ್ರಕಾರ ಒಂದೊಂದು ವರ್ಷ ಆಡಿಸಿಕೊಳ್ಳಿ ಎಂದು ಸ್ಪೇನ್‌ನ ಫುಟ್‌ಬಾಲ್ ಫೆಡರೇಷನ್ ವಿಚಿತ್ರ ತೀರ್ಪು ಕೊಟ್ಟಿತು. ಬಾರ್ಸಿಲೋನಾ ಬೇಸತ್ತು ಹಕ್ಕು ಬಿಟ್ಟುಕೊಟ್ಟಿತು. ಡಿ ಸ್ಟೆಫಾನೊ ಮ್ಯಾಡ್ರಿಡ್‌ಗೆ ಸತತ ಐದು ಯುರೋಪಿಯನ್ ಕಪ್ ಗೆದ್ದುಕೊಟ್ಟರು. ಇದರಲ್ಲಿ ಸರ್ವಾಧಿಕಾರಿ ಫ್ರಾಂಕೊ ಆಡಳಿತದ ಕೈ ಎಷ್ಟಿತ್ತೆಂಬ ಜಗಳ ಇನ್ನೂ ಮುಗಿದಿಲ್ಲ.

ಕ್ಯಾಟಲೋನಿಯಾದ ನೆನಪಿನಲ್ಲಿ ಇಂಥ ಗಾಯಗಳ ದೊಡ್ಡ ಪಟ್ಟಿಯೇ ಇದೆ. 1936ರಲ್ಲಿ ಅಂತರ್ಯುದ್ಧ ಶುರುವಾದ ಕೆಲವೇ ವಾರಗಳಲ್ಲಿ ಬಾರ್ಸಿಲೋನಾ ಕ್ಲಬ್ಬಿನ ಅಧ್ಯಕ್ಷ ಜೋಸೆಪ್ ಸುನ್ಯೋಲ್ ಅವರನ್ನು ಫ್ರಾಂಕೊ ಸೈನಿಕರು ಮ್ಯಾಡ್ರಿಡ್ ಬಳಿಯ ಬೆಟ್ಟಗಳಲ್ಲಿ ಹಿಡಿದು ಕೊಂದರು. ಯುದ್ಧದ ನಂತರ ಕ್ಯಾಟಲನ್ ಭಾಷೆಯನ್ನು ಶಾಲೆ, ಕಚೇರಿಗಳಿಂದ ಹೊರಹಾಕಲಾಯಿತು. ಫುಟ್‌ಬಾಲ್ ಮೈದಾನದ ಗದ್ದಲದಲ್ಲಿ ಯಾರು ಯಾವ ಭಾಷೆಯಲ್ಲಿ ಕೂಗುತ್ತಿದ್ದಾರೆಂದು ಹಿಡಿಯುವುದು ಪೊಲೀಸರಿಗೂ ಕಷ್ಟ. ತಮ್ಮ ನುಡಿಯನ್ನು ಅಂಜಿಕೆಯಿಲ್ಲದೆ ಆಡಬಹುದಾದ ಜಾಗವಾಗಿ ಕ್ರೀಡಾಂಗಣ ಉಳಿಯಿತು. ಹೊರನಾಡಿನಲ್ಲಿ ಮನೆಮಾತು ಉಳಿಸಿಕೊಳ್ಳಲು ಒಂದು ಸಂಘದ ಕೋಣೆ ಎಷ್ಟು ಮುಖ್ಯವೆಂದು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ; ಅವರಿಗೆ ಮಾತ್ರ ಸ್ವಂತ ನೆಲದಲ್ಲೇ ಆ ಪಾಡು ಬಂದಿತ್ತು. ಇದೆಲ್ಲ ನೇರ ಗೆರೆಯ ಕಥೆಯೂ ಅಲ್ಲ. ಇದೇ ಬಾರ್ಸಿಲೋನಾ ಕ್ಲಬ್ 1970ರ ದಶಕದಲ್ಲಿ ಫ್ರಾಂಕೊಗೆ ಪದಕ ಕೊಟ್ಟು ಗೌರವಿಸಿತ್ತು. ಅವನ್ನು ಹಿಂದಕ್ಕೆ ಪಡೆಯುವ ನಿರ್ಧಾರ ಆದದ್ದು 2019ರಲ್ಲಿ. ಆದರೆ ಗ್ಯಾಲರಿಯ ನೆನಪು ಕಡತ ನೋಡಿ ನಡೆಯುವುದಿಲ್ಲ.

ಆ ರಾತ್ರಿ ಫಿಗೊ ಕೇಳಿಸಿಕೊಂಡ ಬೈಗುಳಗಳಲ್ಲಿ ‘ಪೆಸೆಟೆರೊ’ ಎಂಬುದು ಮುಖ್ಯ. ಪೆಸೆಟಾದ ಹಿಂದೆ ಬಿದ್ದವನು, ಕಾಸಿಗಾಗಿ ಏನನ್ನೂ ಬಿಡುವವನು ಎಂದು ಅರ್ಥ. ‘ಪೆಸೆಟಾ’ ಎಂಬ ಹೆಸರು ‘ಸಣ್ಣ ತುಂಡು’ ಎಂಬರ್ಥದ ಕ್ಯಾಟಲನ್ ಪದದಿಂದಲೇ ಹುಟ್ಟಿತೆಂಬ ವಾದವಿದೆ. ಕನ್ನಡದಲ್ಲಾದರೆ ‘ಉಂಡ ಮನೆಗೆ ಎರಡು ಬಗೆದವನು’ ಎನ್ನುತ್ತಿದ್ದರೇನೊ. ಎರಡು ಮಾತಿಗೂ ವ್ಯತ್ಯಾಸವಿದೆ. ಕನ್ನಡದ ಮಾತು ಅನ್ನದ ಋಣ ನೆನಪಿಸುತ್ತದೆ. ಸ್ಪೇನ್‌ನ ಮಾತು ದುಡ್ಡನ್ನು ಎತ್ತಿ ತೋರಿಸುತ್ತದೆ. ಫಿಗೊ ಉಂಡದ್ದು ನಿಜ. ಅದು ದುಡಿದು ಉಂಡ ಅನ್ನ ಎಂಬುದೂ ನಿಜ.

ಸಹಿ ಹಾಕಿದ ಮೇಲೂ ಫಿಗೊ ಹಿಂಜರಿದಿದ್ದರು. ಆದರೆ ಹಿಂದೆ ಸರಿಯಲು ಕಟ್ಟಬೇಕಾದ ದಂಡವನ್ನು ಹೊರಲು ಬಾರ್ಸಿಲೋನಾ ಮುಂದಾಗಲಿಲ್ಲ. ಆಟಗಾರನಿಗೆ ಹೊರಡುವ ಹಕ್ಕು ಕೊಟ್ಟದ್ದು ಕಾನೂನು. ಬೆಲೆ ಬರೆದದ್ದು ಬಾರ್ಸಿಲೋನಾ. ಆ ಬೆಲೆ ಕೊಡುವ ಆಸೆ ತೋರಿಸಿ ಮತ ಕೇಳಿದ್ದು ಪೆರೆಸ್, ಮತ ಕೊಟ್ಟದ್ದು ಸಾವಿರಾರು ಸದಸ್ಯರು. ಇವರಲ್ಲಿ ಯಾರೂ ಗ್ಯಾಲರಿಯ ಮುಂದೆ ಕಾರ್ನರ್ ಒದೆಯಲು ಬರಬೇಕಿರಲಿಲ್ಲ. ಬರಬೇಕಾಗಿದ್ದದ್ದು ಫಿಗೊ ಒಬ್ಬರೇ.

2002ರ ನವೆಂಬರ್ 23ರಂದು ಅವರು ಬಂದರು, ಈ ಬಾರಿ ಕಾರ್ನರ್ ಒದೆಯಲು ಹಿಂಜರಿಯಲಿಲ್ಲ. ಚೆಂಡಿಡಲು ಬಾಗಿದಾಗಲೆಲ್ಲ ಬಾಟಲಿ, ಲೈಟರ್, ಮೊಬೈಲ್ ಫೋನ್ ಬಂದು ಬಿದ್ದವು. ಅವರು ಒಂದೊಂದಾಗಿ ಎತ್ತಿ ಬದಿಗಿಟ್ಟರು. ವಿಸ್ಕಿ ಬಾಟಲಿಯೂ ಬಂತು. ಹಂದಿಮರಿಯ ತಲೆಯೊಂದೂ ಬಂತು. ರೆಫರಿ ಲೂಯಿಸ್ ಮೆದಿನಾ ಕಾಂತಲೆಹೊ ಎರಡೂ ತಂಡಗಳನ್ನು ಒಳಗೆ ಕಳಿಸಿ ಕಾಲು ಗಂಟೆಯಷ್ಟು ಆಟ ನಿಲ್ಲಿಸಿದರು. ಪಂದ್ಯ 0–0ಯಲ್ಲಿ ಮುಗಿಯಿತು. ಕಾರ್ನರ್ ಬಾವುಟದ ಬಳಿ ಹುಲ್ಲಿನ ಮೇಲೆ ಬಿದ್ದಿದ್ದ ಆ ತಲೆಯ ಚಿತ್ರ ಮಾತ್ರ ಜಗತ್ತೆಲ್ಲ ಸುತ್ತಿತು. ಜನರನ್ನು ಕೆರಳಿಸಿದ್ದು ಫಿಗೊ ಎಂದು ಗ್ಯಾಸ್ಪಾರ್ಟ್ ದೂರಿದರು. ಎರಡು ಪಂದ್ಯಗಳಿಗೆ ಕ್ರೀಡಾಂಗಣ ಮುಚ್ಚಬೇಕೆಂಬ ಶಿಕ್ಷೆ ಮೇಲ್ಮನವಿಗಳಲ್ಲಿ ಕರಗಿ ಸಣ್ಣ ದಂಡದಲ್ಲಿ ಕೊನೆಗೊಂಡಿತು.

ಫಿಗೊ ಮಾರಾಟದಿಂದ ಬಂದ ದುಡ್ಡಿನಲ್ಲಿ ಬಾರ್ಸಿಲೋನಾ ಮಾರ್ಕ್ ಓವರ್‌ಮಾರ್ಸ್, ಇಮ್ಯಾನ್ಯುಯೆಲ್ ಪೆಟಿ ಮುಂತಾದವರನ್ನು ಕೊಂಡಿತು. ಯಾರೂ ಆ ಜಾಗ ತುಂಬಲಿಲ್ಲ. 1999ರ ನಂತರ ಮತ್ತೊಂದು ಲೀಗ್ ಪ್ರಶಸ್ತಿಗೆ 2005ರವರೆಗೆ ಕಾಯಬೇಕಾಯಿತು. ಮ್ಯಾಡ್ರಿಡ್ 2001 ಮತ್ತು 2003ರಲ್ಲಿ ಲೀಗ್, 2002ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದಿತು. ಪೆರೆಸ್ ವರ್ಷಕ್ಕೊಬ್ಬರಂತೆ ಝಿದಾನ್, ರೊನಾಲ್ಡೊ, ಬೆಕಮ್‌ರನ್ನು ತಂದರು. ಗ್ಯಾಸ್ಪಾರ್ಟ್ 2003ರ ಫೆಬ್ರುವರಿಯಲ್ಲಿ ರಾಜೀನಾಮೆ ಕೊಟ್ಟರು. ಫಿಗೊ 2005ರಲ್ಲಿ ಇಟಲಿಯ ಇಂಟರ್ ಕ್ಲಬ್ ಸೇರಿದರು.

ಈ ಪ್ರಕರಣದಿಂದ ಕ್ಲಬ್ಬುಗಳು ಕಲಿತದ್ದು ಒಂದೇ ಪಾಠ: ಬೇಲಿಯನ್ನು ಇನ್ನೂ ಎತ್ತರ ಮಾಡಬೇಕು. ಬಾರ್ಸಿಲೋನಾ ಬ್ರೆಜಿಲ್‌ನ ನೇಮಾರ್ ಕರಾರಿನಲ್ಲಿ 22.2 ಕೋಟಿ ಯೂರೊ ಎಂದು ಬರೆದು ನಿಶ್ಚಿಂತೆಯಿಂದಿತ್ತು. 2017ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ ನೇಮಾರ್‌ರನ್ನು ಸೇರಿಸಿಕೊಂಡಾಗ ಅವರ ವಕೀಲರು ಅಷ್ಟೂ ಹಣ ತಂದು ಕೊಟ್ಟರು. 1985ರ ಅದೇ ಕಾನೂನು, ಅದೇ ಕ್ಲಬ್, ಅದೇ ಲೆಕ್ಕಾಚಾರ. ಯಾರೂ ಕೊಡಲಾರರೆಂದು ಬರೆದ ಬೆಲೆಯನ್ನು ಮತ್ತೊಮ್ಮೆ ಯಾರೋ ಕೊಟ್ಟಿದ್ದರು. ನಿಷ್ಠೆಗೆ ಬೆಲೆ ಬರೆದಿಟ್ಟ ಕ್ಲಬ್, ಆ ಬೆಲೆ ಕಟ್ಟಿ ಹೊರಟವನಲ್ಲಿ ನಿಷ್ಠೆಯಿಲ್ಲವೆಂದು ಎರಡನೆಯ ಬಾರಿ ದೂರಿತು.