ಹಂದಿಮೂತಿಯ ಲಾರಿ ಮತ್ತು ನಾನು ಹೇಳದೆ ಉಳಿಸಿಕೊಂಡ ಪಾಠ



ಅಡಿಕೆ ಕೊಯ್ಲು ಮುಗಿದು ಊರು ಸ್ವಲ್ಪ ಬಿಡುವಾಗಿದ್ದ ಒಂದು ಮಧ್ಯಾಹ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ದೂರವಾಣಿ ಕರೆ ಬಂದಿತು. 1984ರಲ್ಲಿ ನಮ್ಮ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿದವನು. ಕೆಲವು ವರ್ಷ ಲೇತ್ ಕಾರ್ಖಾನೆಯಲ್ಲಿ ದುಡಿದು, ಈಗ ತೋಟ ನೋಡಿಕೊಂಡಿದ್ದಾನೆ. "ಸಾರ್, ಒಂದು ಹಳೇ ಮಿಲಿಟರಿ ಲಾರಿ ಓಡೋ ಹಾಗೆ ಮಾಡಿದ್ದೀನಿ. ನೀವು ಬಂದು ಒಂದು ಸುತ್ತು ಕೂರಬೇಕು. ಅದರ ಚರಿತ್ರೆ ಏನು ಅಂತ ನೀವೇ ಹೇಳಬೇಕು" ಎಂದನು. ತನ್ನ ಹೆಸರನ್ನು ಎಲ್ಲಿಯೂ ಬರೆಯಬಾರದೆಂದು ಆಮೇಲೆ ಕೇಳಿಕೊಂಡಿದ್ದಾನೆ. ಆದ್ದರಿಂದ ಇಲ್ಲಿ ಬರೆಯುವುದಿಲ್ಲ. ಅವನ ಸಹಪಾಠಿಗಳಿಗೆ ಯಾರೆಂದು ಈಗಾಗಲೇ ಹೊಳೆದಿರಬಹುದು.

ಹೋದೆ. ಅಡಿಕೆ ಒಣಗಿಸುವ ಅಂಗಳದ ಪಕ್ಕದ ತಗಡಿನ ಮಾಡಿನಡಿಯಲ್ಲಿ ಅದು ನಿಂತಿತ್ತು. ನೋಡಿದ ಕೂಡಲೇ ಕಾಲು ತಡೆಯಿತು. ಮುಂದಕ್ಕೆ ಚಾಚಿದ ಬಾನೆಟ್ ಇಲ್ಲದ ಮೊಂಡು ಮೋರೆ, ಎರಡು ದೀಪಗಳ ನಡುವೆ ಜಾಲರಿ, ಕೆಳಗಡೆ ಒಳಕ್ಕೆ ವಾಲಿದ ಮುಂಗಾಜು, ಹಸಿರು ಬಣ್ಣ. ಅರವತ್ತು ವರ್ಷಗಳಿಂದ ನಾನು ನೋಡದಿದ್ದ ವಸ್ತು. ನನ್ನ ಬಾಲ್ಯದಲ್ಲಿ ಊರಿನ ಮಕ್ಕಳು ಅದನ್ನು ಹಂದಿಮೂತಿ ಲಾರಿ ಎಂದು ಕರೆಯುತ್ತಿದ್ದರು. ಅದನ್ನು ಓಡಿಸುತ್ತಿದ್ದವರು ನನ್ನ ಅಪ್ಪಯ್ಯ.

ಮೊದಲು ಲಾರಿಯ ಚರಿತ್ರೆಯನ್ನು ಹೇಳುತ್ತೇನೆ.

ಇದು ಕೆನಡಾ ದೇಶದಲ್ಲಿ ತಯಾರಾದದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಸೇನೆಗೂ ಅದರ ಅಧೀನದಲ್ಲಿದ್ದ ದೇಶಗಳ ಸೇನೆಗಳಿಗೂ ಅಪಾರ ಸಂಖ್ಯೆಯ ವಾಹನಗಳು ಬೇಕಾದವು. ಬ್ರಿಟನ್ನಿನ ಕಾರ್ಖಾನೆಗಳಿಂದ ಅಷ್ಟನ್ನು ಒದಗಿಸುವುದು ಸಾಧ್ಯವಿರಲಿಲ್ಲ. ಆಗ ಕೆನಡಾದ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪನಿಗಳು, ಮಾರುಕಟ್ಟೆಯಲ್ಲಿ ಬದ್ಧ ಸ್ಪರ್ಧಿಗಳಾಗಿದ್ದರೂ, ಒಂದೇ ಮಾದರಿಯ ಲಾರಿಗಳನ್ನು ತಯಾರಿಸಲು ಒಪ್ಪಿದವು. ಇವಕ್ಕೆ ಕೆನಡಿಯನ್ ಮಿಲಿಟರಿ ಪ್ಯಾಟರ್ನ್ ಎಂದು ಹೆಸರು. ಯುದ್ಧಕಾಲದಲ್ಲಿ ಕೆನಡಾ 8 ಲಕ್ಷಕ್ಕೂ ಹೆಚ್ಚು ಸೇನಾ ವಾಹನಗಳನ್ನು ತಯಾರಿಸಿತು. ಅವುಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಈ ಮಾದರಿಯವು. ಆಗ ಆ ದೇಶದ ಜನಸಂಖ್ಯೆ ಒಂದೂಕಾಲು ಕೋಟಿಯನ್ನೂ ಮುಟ್ಟಿರಲಿಲ್ಲ ಎಂಬುದನ್ನು ನೆನೆದರೆ ಆ ಶ್ರಮದ ಪ್ರಮಾಣ ತಿಳಿಯುತ್ತದೆ.

ಮೋರೆ ಮೊಂಡಾಗಿರುವುದಕ್ಕೆ ಕಾರಣವಿದೆ. ಲಾರಿಯ ಒಟ್ಟು ಉದ್ದ ಕಡಿಮೆಯಿರಬೇಕು, ಸಾಮಾನು ತುಂಬುವ ಜಾಗ ಮಾತ್ರ ಹೆಚ್ಚಿರಬೇಕು ಎಂಬುದು ಸೇನೆಯ ಬೇಡಿಕೆ. ಹಡಗಿನಲ್ಲಿ ಒಂದೊಂದು ಅಡಿಗೂ ಬೆಲೆಯಿತ್ತು. ಆದ್ದರಿಂದ ಎಂಜಿನ್ನನ್ನು ಹಿಂದಕ್ಕೆ ತಳ್ಳಿ ಚಾಲಕ ಮತ್ತು ಅವನ ಜೊತೆಗಾರನ ನಡುವೆಯೇ ಕೂರಿಸಿದರು. ಮುಂಗಾಜು ಓರೆಯಾಗಿರುವುದು ಬಿಸಿಲು ಥಳಥಳಿಸಿ ಶತ್ರುವಿಮಾನದ ಕಣ್ಣಿಗೆ ಬೀಳಬಾರದೆಂದು. ಲಾರಿಯ ಹೆಸರಿನಲ್ಲಿಯೇ ಅದರ ಜಾತಕವಿತ್ತು. ನನ್ನ ಶಿಷ್ಯನ ಲಾರಿ ಸಿ15ಎ. ಸಿ ಎಂದರೆ ಷೆವ್ರೊಲೆ. 15 ಎಂದರೆ 15 ಹಂಡ್ರೆಡ್‌ವೇಟ್, ಅಂದರೆ ಸುಮಾರು 760 ಕಿಲೋ ಭಾರ. ಎ ಎಂದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ. ಫೋರ್ಡ್ ಕಂಪನಿಯದಾದರೆ ಎಫ್ ಎಂದು ಆರಂಭವಾಗುತ್ತಿತ್ತು. ಫೋರ್ಡಿನಲ್ಲಿ 8 ಸಿಲಿಂಡರಿನ ಎಂಜಿನ್, ಷೆವ್ರೊಲೆಯಲ್ಲಿ 6 ಸಿಲಿಂಡರಿನದು, 85 ಅಶ್ವಶಕ್ತಿ.

ಇಂಥ ಲಾರಿಗಳು ಆಫ್ರಿಕಾದ ಮರುಭೂಮಿಯಲ್ಲಿ ಓಡಿದವು, ಇಟಲಿಯಲ್ಲಿ ಓಡಿದವು, ಬರ್ಮಾದ ಕೆಸರಿನಲ್ಲಿ ಓಡಿದವು. ಫೋರ್ಡ್ ಲಾರಿಯ ಚಾಸಿಯ ಮೇಲೆ ಜೆಮ್‌ಷೆಡ್‌ಪುರದಲ್ಲಿ ಟಾಟಾ ಉಕ್ಕಿನ ಕವಚ ಹೊದಿಸಿ ಮಾಡಿದ ಯುದ್ಧಗಾಡಿಗಳಿಗೆ ಸೈನಿಕರು ಟಾಟಾನಗರ್ ಎಂದೇ ಹೆಸರಿಟ್ಟಿದ್ದರು. ಇತ್ತ ನಮ್ಮ ಸೀಮೆಯಲ್ಲಿ ಪೆಟ್ರೋಲಿಗೆ ಪಡಿತರ ಬಂದು, ಬಸ್ಸುಗಳ ಹಿಂದೆ ಇದ್ದಲಿನ ಒಲೆ ಕಟ್ಟಿ ಅದರ ಅನಿಲದಿಂದ ಓಡಿಸುತ್ತಿದ್ದ ಕಾಲವದು.

ಯುದ್ಧ ಮುಗಿದ ಮೇಲೆ ಬೇಡವಾದ ವಾಹನಗಳನ್ನು ಸರ್ಕಾರ ಹರಾಜು ಹಾಕಿತು. ಡಿಸ್ಪೋಸಲ್ ಗಾಡಿ ಎಂಬ ಮಾತು ನಮ್ಮ ಭಾಷೆಗೆ ಬಂದದ್ದು ಹಾಗೆ. ನಾಲ್ಕೂ ಚಕ್ರ ಎಳೆಯುವ ಲಾರಿ ಮಲೆನಾಡಿನ ನಾಟಾ ವ್ಯಾಪಾರಿಗಳಿಗೆ ವರವಾಗಿ ಒದಗಿತು. ಎತ್ತಿನಗಾಡಿ ಹೂತುಹೋಗುವಲ್ಲಿಯೂ ಅದು ದಿಮ್ಮಿ ಎಳೆಯುತ್ತಿತ್ತು. ಪೆಟ್ರೋಲ್ ದುಬಾರಿಯೆಂದು ಅನೇಕರು ಮೂಲ ಎಂಜಿನ್ ಕಿತ್ತು ಪರ್ಕಿನ್ಸ್ ಡೀಸೆಲ್ ಎಂಜಿನ್ ಕೂರಿಸಿದರು. ನಮ್ಮ ಸೇನೆಯೂ ಸ್ವಾತಂತ್ರ್ಯಾನಂತರ ಬಹುಕಾಲ ಯುದ್ಧಕಾಲದ ಈ ಹಳೆಯ ವಾಹನಗಳನ್ನೇ ನೆಚ್ಚಿಕೊಂಡಿತ್ತು. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಿಂದ ಜಬಲ್ಪುರದಲ್ಲಿ ಶಕ್ತಿಮಾನ್ ಲಾರಿಗಳು ತಯಾರಾಗತೊಡಗಿದ್ದು 1959ರಲ್ಲಿ.

ಇನ್ನು ಶಿಷ್ಯನ ಸಾಹಸಕ್ಕೆ ಬರುತ್ತೇನೆ. ಮುಚ್ಚಿಹೋದ ಒಂದು ಸಾಮಿಲ್ಲಿನ ಹಿಂದೆ ಪೊದೆಯೊಳಗೆ ಈ ಲಾರಿ ಬಿದ್ದಿತ್ತಂತೆ. ಕ್ಯಾಬಿನ್ನಿನ ನೆಲ ಸೀಳಿಕೊಂಡು ಒಂದು ಮತ್ತಿ ಗಿಡ ಬೆಳೆದಿತ್ತಂತೆ. ಗುಜರಿಯ ತೂಕಕ್ಕೆ ಕೊಂಡು ತಂದನು. ಬಣ್ಣದ ಪದರ ಕೆರೆಯುತ್ತ ಹೋದಾಗ ಅಡಿಯಲ್ಲಿ ಜನರಲ್ ಮೋಟಾರ್ಸ್ ಆಫ್ ಕೆನಡಾ ಎಂಬ ಫಲಕ ಸಿಕ್ಕಿತು. ಎಂಜಿನ್ ಯಾವಾಗಲೋ ಬದಲಾಗಿತ್ತು. ಅದೇ ಜಾತಿಯ ಷೆವ್ರೊಲೆ ಎಂಜಿನ್ ಕಂಪನಿಯ ಕಾರುಗಳಲ್ಲಿಯೂ ಇದ್ದುದರಿಂದ ಹುಡುಕುವ ಆಸೆ ಬಿಡಲಿಲ್ಲ. ಕೊನೆಗೆ ಎರಡು ಜಿಲ್ಲೆ ಆಚೆ, ಒಂದು ಕಾಲದಲ್ಲಿ ತೋಟಕ್ಕೆ ನೀರೆತ್ತುತ್ತಿದ್ದ ಎಂಜಿನ್ ಒಂದು ಕೊಟ್ಟಿಗೆಯಲ್ಲಿ ದೊರಕಿತು. ಎಲ್ಲ ಸೇರಿ ಆರು ವರ್ಷ ಹಿಡಿಯಿತು.

ಕೊಳ್ಳುವುದು ಸುಲಭ ಸಾರ್, ಸಾಕುವುದು ಕಷ್ಟ ಎಂದು ಅವನು ಹೇಳಿದ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಈ ಎಂಜಿನ್ನಿನ ಕನೆಕ್ಟಿಂಗ್ ರಾಡುಗಳ ಬೇರಿಂಗ್ ಇಂದಿನಂತೆ ಅಂಗಡಿಯಲ್ಲಿ ಕೊಂಡು ಹಾಕುವಂಥದಲ್ಲ. ವೈಟ್ ಮೆಟಲ್ ಕರಗಿಸಿ ಎರಕ ಹೊಯ್ದು, ಕೈಯಿಂದ ಕೆರೆದು ಕೂರಿಸಬೇಕು. ಆ ವಿದ್ಯೆ ಬಲ್ಲ ಒಬ್ಬ ವೃದ್ಧ ಮೇಸ್ತ್ರಿ ಸಿಕ್ಕಿದ್ದು ಇವನ ಪುಣ್ಯ. ಪ್ರತಿ ರಾಡಿನ ತುದಿಯಲ್ಲಿ ಚಮಚದಂಥ ಒಂದು ಭಾಗವಿದೆ. ಅದು ಕೆಳಗಿನ ಎಣ್ಣೆಯನ್ನು ಮೊಗೆದು ಬೇರಿಂಗಿಗೆ ಉಣಿಸುತ್ತದೆ. ಆದ್ದರಿಂದ ಎಣ್ಣೆಯ ಮಟ್ಟ ತಗ್ಗಬಾರದು, ಎಂಜಿನ್ನನ್ನು ಅವಸರದಿಂದ ಓಡಿಸಬಾರದು. ಗಂಟೆಗೆ 40 ಕಿಲೋಮೀಟರ್ ದಾಟುವುದಿಲ್ಲವೆಂದು ಅವನ ವ್ರತ. ಲೀಟರ್ ಪೆಟ್ರೋಲಿಗೆ ಮೂರು ಕಿಲೋಮೀಟರ್ ಕೊಟ್ಟರೆ ಅಂದು ಹಬ್ಬ. ಈಗಿನ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಹಳೆಯ ರಬ್ಬರನ್ನು ತಿನ್ನುವುದರಿಂದ ಪೆಟ್ರೋಲ್ ಪಂಪಿನ ಡಯಾಫ್ರಮ್ಮನ್ನೂ ಕೊಳವೆಗಳನ್ನೂ ಬದಲಿಸಬೇಕಾಯಿತು. ಚಕ್ರದ ರಿಮ್ ಎರಡು ಹೋಳು. ಎರಡನ್ನೂ ಬೋಲ್ಟಿನಿಂದ ಬಿಗಿದಿದೆ. ಗಾಳಿ ಪೂರ್ತಿ ತೆಗೆಯದೆ ಆ ನಟ್ಟು ಬಿಚ್ಚಿದವನ ಪ್ರಾಣಕ್ಕೇ ಸಂಚಕಾರ. ಅದಕ್ಕೆಂದೇ ಅವನು ಆ ನಟ್ಟುಗಳಿಗೆ ಕೆಂಪು ಬಣ್ಣ ಬಳಿದಿದ್ದಾನೆ; ಯುದ್ಧಕಾಲದ ರೂಢಿಯೂ ಅದೇ.

ಕಾಗದಪತ್ರಗಳ ಕಥೆ ಬೇರೆ. 50 ವರ್ಷ ಮೀರಿದ ವಾಹನಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ತಂದಿತು. ಆದರೆ ಅದು ದ್ವಿಚಕ್ರ ವಾಹನಗಳಿಗೂ ಕಾರಿನ ವರ್ಗದ ವಾಹನಗಳಿಗೂ ಮಾಡಿದ ನಿಯಮ. ಸಾಮಾನು ಸಾಗಿಸುವ ಲಾರಿ ಅದರಲ್ಲಿ ಸೇರಿಲ್ಲ. ಇದರ ಮೂಲ ದಾಖಲೆಗಳು ಸಾಮಿಲ್ಲಿನ ಕಾಲದಲ್ಲಿಯೇ ಗೆದ್ದಲಿನ ಪಾಲಾಗಿದ್ದವು. ಆದ್ದರಿಂದ ಲಾರಿ ಅವನ ತೋಟದ ಸ್ವಂತ ದಾರಿಯಲ್ಲಿ ಮಾತ್ರ ಓಡುತ್ತದೆ. ಪ್ರದರ್ಶನಕ್ಕೆ ಒಯ್ಯಬೇಕಾದರೆ ಇನ್ನೊಂದು ಲಾರಿಯ ಮೇಲೆ ಹೇರಿಕೊಂಡು ಹೋಗಬೇಕು.

ತೋಟದ ದಾರಿಯಲ್ಲಿ ಒಂದು ಸುತ್ತು ಹೋದೆವು. ಗೇರು ಬದಲಿಸುವಾಗ ಅವನು ಕ್ಲಚ್ಚನ್ನು ಎರಡು ಸಲ ತುಳಿಯುತ್ತಿದ್ದನು. ಈ ಗೇರುಪೆಟ್ಟಿಗೆಯಲ್ಲಿ ಹಾಗಲ್ಲದೆ ಹಲ್ಲಿಗೆ ಹಲ್ಲು ಕೂಡುವುದಿಲ್ಲ. ಮರಳಿ ಬಂದ ಮೇಲೆ, "ಸಾರ್, ಡ್ರೈವರ್ ಸೀಟಿನಲ್ಲಿ ಒಮ್ಮೆ ಕೂತು ನೋಡಿ" ಎಂದನು. ಹತ್ತಿ ಕುಳಿತೆ. ಪೆಡಲುಗಳಿಗಿರುವ ಜಾಗ ಗೇಣಗಲ. ಎಡಗಾಲು ಇಟ್ಟ ಕೂಡಲೇ ಕಾದ ಎಂಜಿನ್ ಮುಚ್ಚಳ ಮೊಣಕಾಲಿಗೆ ತಗುಲಿತು. ಥಟ್ಟನೆ ಒಳಕ್ಕೆ ಎಳೆದುಕೊಂಡೆ.

ಅಪ್ಪಯ್ಯ ಜಗಲಿಯಲ್ಲಿ ಕುಳಿತರೂ, ಬಸ್ಸಿನಲ್ಲಿ ಕುಳಿತರೂ, ಮದುವೆಮನೆಯ ಪಂಕ್ತಿಯಲ್ಲಿ ಕುಳಿತರೂ ಎಡಗಾಲನ್ನು ಹೀಗೆಯೇ ಒಳಕ್ಕೆ ಎಳೆದುಕೊಂಡಿರುತ್ತಿದ್ದರು. ಅಮ್ಮ ಅದನ್ನು ವಾತವೆಂದು ತಿಳಿದು ವರ್ಷಗಟ್ಟಲೆ ಎಣ್ಣೆ ತಿಕ್ಕಿದಳು.

ಅವರು 1942ರಲ್ಲಿ ಬೆಂಗಳೂರಿಗೆ ಹೋಗಿ ಸೇನೆಗೆ ಸೇರಿದರು. ರಾಯಲ್ ಇಂಡಿಯನ್ ಆರ್ಮಿ ಸರ್ವೀಸ್ ಕೋರ್ ಎಂಬ ಸರಬರಾಜು ದಳದಲ್ಲಿ ಚಾಲಕರಾದರು. ದಿಮಾಪುರದ ರೈಲು ನಿಲ್ದಾಣದಿಂದ ಕೊಹಿಮಾ ಮಾರ್ಗವಾಗಿ ಇಂಫಾಲಕ್ಕೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಘಟ್ಟದ ದಾರಿ. ಅಕ್ಕಿ, ಮದ್ದುಗುಂಡು, ಪೆಟ್ರೋಲ್ ಎಲ್ಲವೂ ಆ ದಾರಿಯಲ್ಲಿಯೇ ಹೋಗಬೇಕು. 1944ರ ಮಾರ್ಚ್ ಕೊನೆಯಲ್ಲಿ ಜಪಾನೀಯರು ಅದನ್ನು ಕಡಿದುಹಾಕಿದರು. ಜೂನ್ 22ರಂದು 109ನೆಯ ಮೈಲಿಗಲ್ಲಿನ ಬಳಿ ಎರಡೂ ಕಡೆಯ ಸೈನ್ಯ ಕೂಡಿ ದಾರಿ ಮತ್ತೆ ತೆರೆಯಿತು. ಬಳಿಕ ಸುರಿಯುವ ಮಳೆಯಲ್ಲಿ ಲಾರಿಗಳ ಸಾಲು ಹೊರಟಿತು. ಅಪ್ಪಯ್ಯ ಇದನ್ನು ಕುರಿತು ಜೀವಮಾನದಲ್ಲಿ ಹೇಳಿದ್ದು ಒಂದೇ ಘಟನೆ. ಸಾಲಿನಲ್ಲಿ ಯಾರ ಲಾರಿ ಕೆಟ್ಟರೂ ಹಿಂದಿನವು ನಿಲ್ಲಬಾರದು; ಕೆಟ್ಟದ್ದನ್ನು ಕಮರಿಗೆ ನೂಕಬೇಕೆಂದು ಆಜ್ಞೆ. ಒಂದು ರಾತ್ರಿ ಅವರ ಲಾರಿಯ ಸರದಿ ಬಂದಿತು. "ನಾನೇ ಕೈಯಾರೆ ನೂಕಿದೆ. ಕೆಳಗೆ ಬೀಳೋವರೆಗೂ ದೀಪ ಉರೀತಿತ್ತು" ಎಂದರು. ಸಾಕಿದ ಎತ್ತು ಸತ್ತ ಸುದ್ದಿ ಹೇಳುವಂತೆ ಹೇಳಿದರು.

1946ರಲ್ಲಿ ಊರಿಗೆ ಮರಳಿದರು. ಮರುವರ್ಷ ನಾನು ಹುಟ್ಟಿದೆ. 1950ರ ಸುಮಾರಿಗೆ ನಾಟಾ ಡಿಪೋದವರು ತಂದ ಹಂದಿಮೂತಿ ಲಾರಿಗೆ ಅವರೇ ಚಾಲಕರಾದರು. ಅವರ ಆರು ಮೂಲೆಯ ನಕ್ಷತ್ರದ ಪದಕವನ್ನು ನಾನು ಕರುವಿನ ಕೊರಳಿಗೆ ಕಟ್ಟಿ ಆಡುತ್ತಿದ್ದೆ. ಅದು ಹಾಡ್ಯದಲ್ಲಿ ಎಲ್ಲಿಯೋ ಬಿದ್ದುಹೋಯಿತು. ಅಪ್ಪಯ್ಯ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ಈಗ ಅನ್ನಿಸುತ್ತದೆ.

ಇನ್ನು ಹೇಳಲೇಬೇಕಾದದ್ದನ್ನು ಹೇಳಿಬಿಡುತ್ತೇನೆ. ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ನಾನು ಲಾರಿ ಚಾಲಕ ಎಂದು ಬರೆಯಲಿಲ್ಲ. ಕೃಷಿ ಎಂದು ಬರೆದೆ. ನಮಗಿದ್ದದ್ದು ಅರ್ಧ ಎಕರೆ. ಅಧ್ಯಾಪಕನಾದ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಿಮಗೆ ಎರಡನೆಯ ಮಹಾಯುದ್ಧವನ್ನು ಕಲಿಸಿದೆ. ಹಿಟ್ಲರ್, ಪರ್ಲ್ ಹಾರ್ಬರ್, ಹಿರೋಷಿಮಾ. ಕಾರಣಗಳು ಐದು, ಪರಿಣಾಮಗಳು ಆರು. ಭಾರತದ ಸುಮಾರು 25 ಲಕ್ಷ ಜನ ಸ್ವಇಚ್ಛೆಯಿಂದ ಸೇನೆ ಸೇರಿದರು, ಸುಮಾರು 87,000 ಮಂದಿ ಮಡಿದರು ಎಂದು ಒಂದು ದಿನವೂ ಕರಿಹಲಗೆಯ ಮೇಲೆ ಬರೆಯಲಿಲ್ಲ. ಬರೆದಿದ್ದರೆ ಯಾರಾದರೂ ಕೈಯೆತ್ತಿ, "ನಮ್ಮೂರಿಂದ ಯಾರಾದರೂ ಹೋಗಿದ್ರಾ ಸಾರ್?" ಎಂದು ಕೇಳುತ್ತಿದ್ದಿರಿ. ಆ ಪ್ರಶ್ನೆಗೆ ನಾನು ಅಂಜಿದ್ದೆ. ಪರರ ಸಾಮ್ರಾಜ್ಯಕ್ಕಾಗಿ ಹೋರಾಡಿದವರೆಂಬ ಮುಜುಗರ ಒಂದು ಕಡೆ. ಚಾಲಕನ ಮಗನೆಂಬ ಸಣ್ಣತನ ಇನ್ನೊಂದು ಕಡೆ. ಎರಡನೆಯದೇ ದೊಡ್ಡದಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಅಪ್ಪಯ್ಯ 1981ರಲ್ಲಿ ತೀರಿಕೊಂಡರು. ಆ ದಾರಿ ಹೇಗಿತ್ತೆಂದು ನಾನಾಗಿ ಒಮ್ಮೆಯೂ ಕೇಳಲಿಲ್ಲ.

ಸಂಜೆ ಕಾಫಿ ಕುಡಿಯುತ್ತ ಶಿಷ್ಯ ತನ್ನ ಚಿಂತೆ ತೋಡಿಕೊಂಡನು. ಮಕ್ಕಳಿಗೆ ಇದರ ಗೊಡವೆ ಬೇಡ, ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳುತ್ತಿದ್ದಾನೆ, ಖರ್ಚು ನಿಲ್ಲುವುದಿಲ್ಲ. ಮಾರಲೋ, ಬಣ್ಣ ಬಳಿದು ಸುಮ್ಮನೆ ನಿಲ್ಲಿಸಲೋ ಎಂದು ಕೇಳಿದನು. ನಾನೆಂದೆ: "ನಿಲ್ಲಿಸಬೇಡ ಮಾರಾಯ. ನಿಂತ ಎಂಜಿನ್ನಿನ ವಾಲ್ವು ಅಂಟುತ್ತದೆ, ರಬ್ಬರು ಒಣಗುತ್ತದೆ ಅಂತ ನೀನೇ ಹೇಳಿದೆ. ಮನುಷ್ಯರ ನೆನಪೂ ಹಾಗೆಯೇ. ತಿಂಗಳಿಗೊಮ್ಮೆಯಾದರೂ ಓಡಿಸು. ವರ್ಷಕ್ಕೊಂದು ದಿನ ಹೈಸ್ಕೂಲಿನ ಮಕ್ಕಳನ್ನು ಕರೆಸು, ಪಾಠ ನಾನು ಮಾಡುತ್ತೇನೆ. ಆ ದಿನದ ಪೆಟ್ರೋಲೂ ನನ್ನದೇ." ಅವನು ನಕ್ಕು ಒಪ್ಪಿದ್ದಾನೆ. ಬರುವ ಜೂನ್ 22ಕ್ಕೆ ಮೊದಲ ತರಗತಿ. ಮಳೆ ಬಂದರೂ ನಡೆಯುತ್ತದೆ. ಅಂದೂ ಮಳೆಯೇ ಇತ್ತು.

ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಗಳ ಅಟ್ಟದಲ್ಲಿ ಹಳೆಯ ಟ್ರಂಕಿನೊಳಗೆ ಅಪ್ಪಯ್ಯನದಾಗಲಿ, ಆ ಕಾಲದಲ್ಲಿ ಸೇನೆಗೆ ಹೋದ ಯಾರದೇ ಆಗಲಿ, ಬಿಡುಗಡೆಯ ಪತ್ರ, ಭಾವಚಿತ್ರ, ಕಾಗದ ಇದ್ದರೆ ದಯಮಾಡಿ ತಿಳಿಸಿರಿ. ಮತ್ತು ನನ್ನ ವಿದ್ಯಾರ್ಥಿಗಳೇ, ಕಾರಣಗಳು ಐದು, ಪರಿಣಾಮಗಳು ಆರು ಎಂದು ನೀವು ಬಾಯಿಪಾಠ ಮಾಡಿದ ಪಾಠದ ಕೊನೆಗೆ ಇದನ್ನೂ ಸೇರಿಸಿಕೊಳ್ಳಿರಿ: ನಮ್ಮೂರಿನಿಂದ ಹೋಗಿದ್ದರು. ನಮ್ಮ ಅಪ್ಪಯ್ಯ ಲಾರಿ ಚಾಲಕರಾಗಿದ್ದರು.